ಮುಗಿಲ ಸಾಕ್ಷಿ, ನೆಲದ ಸಾಕ್ಷಿ

ನೆರೆ ಬಂದ ದಿನವನ್ನು ಹೇಳಬಹುದು, ಬಿರುಗಾಳಿ ಬೀಸಿದ ಗಳಿಗೆಯನ್ನು ಹೇಳಬಹುದು. ಆದರೆ ಬರ ಬಂದ ದಿನ ಯಾವುದೆಂದು ಯಾರಿಂದಲೂ ಹೇಳಲಾಗದು. ರೋಹಿಣಿ ಮಳೆ ಹೋಗಿ ಮೃಗಶಿರ ಕೂಡುತ್ತದೆ. ಮೃಗಶಿರ ಹೋಗಿ ಆರಿದ್ರೆ ಕೂಡುತ್ತದೆ. ಇನ್ನೊಂದು ಮಳೆಯನ್ನು ನೋಡೋಣವೆಂದು ರೈತನು ಬೀಜದ ಚೀಲವನ್ನು ಗೋಡೆಗೆ ಒರಗಿಸಿಟ್ಟು ಕಾಯುತ್ತಾನೆ. ಪುನರ್ವಸು, ಪುಷ್ಯ, ಆಶ್ಲೇಷಗಳು ಒಂದರ ಹಿಂದೊಂದು ಬರಿಗೈಯಲ್ಲಿ ದಾಟಿದ ಮೇಲೆ, ಕಾಯುವುದಕ್ಕೆ ಮುಂಗಾರಿನ ಮಳೆಗಳೇ ಉಳಿದಿಲ್ಲವೆಂಬುದು ಅವನ ಅರಿವಿಗೆ ಬರುತ್ತದೆ. ಇಷ್ಟು ಮೆಲ್ಲನೆ ಬರುವ ವಿಪತ್ತು ಬೇರೊಂದಿಲ್ಲ. ಹಾಗೆ ಮೆಲ್ಲನೆ ಬರುವುದರಿಂದಲೇ, ಬರ ಬಂದಿದೆಯೆಂದು ಯಾರು ಹೇಳಬೇಕು, ಯಾವ ಆಧಾರದ ಮೇಲೆ ಹೇಳಬೇಕು, ಹೇಳಿದ ಮಾತನ್ನು ಯಾರು ನಂಬಬೇಕು ಎಂಬ ಪ್ರಶ್ನೆಗಳು ಹಿಂದಿನಿಂದಲೂ ಆಳುವವರನ್ನೂ ಉಳುವವರನ್ನೂ ಕಾಡುತ್ತ ಬಂದಿವೆ.

ಇಂದು ಈ ಪ್ರಶ್ನೆಗೆ ಉತ್ತರ ಹೇಳುವ ಸಾಕ್ಷಿಗಳಲ್ಲಿ ಒಂದು ನೆಲದ ಮೇಲೆ ಇಲ್ಲ. ಅದು ನೂರಾರು ಕಿಲೋಮೀಟರು ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿರುವ ಕೃತಕ ಉಪಗ್ರಹ. ದೂರಸಂವೇದನವೆಂಬ ಈ ವಿದ್ಯೆ ನಮ್ಮ ಮನೆಗಳ ಹೊಲ, ಸಾಲ, ಪರಿಹಾರ, ವಿಮೆಗಳ ಮೇಲೆ ಪ್ರಭಾವ ಬೀರುವ ಕಾಲ ಬಂದಿದ್ದರೂ, ನಮ್ಮಲ್ಲಿ ಅನೇಕರಿಗೆ ಅದು ವಿಜ್ಞಾನಿಗಳ ಸಂಗತಿಯಾಗಿಯೇ ಉಳಿದಿದೆ. ನಾನು ವಿಜ್ಞಾನಿಯಲ್ಲ; ಮಠದ ನೆರಳಿನಲ್ಲಿ ವ್ಯಾಕರಣವನ್ನೂ ಶರಣರ ಸಾಹಿತ್ಯವನ್ನೂ ಓದಿಕೊಂಡು ಬಂದವನು. ಆದರೂ ನಮ್ಮ ಮನೆತನದಲ್ಲಿಯೇ ಒದಗಿದ ಒಂದು ಪ್ರಸಂಗದಿಂದಾಗಿ ಈ ವಿದ್ಯೆಯ ಹತ್ತಿರ ಹೋಗಬೇಕಾಯಿತು. ಅಲ್ಲಿ ತಿಳಿದುಕೊಂಡುದನ್ನು ವಾಚಕಬಂಧುಗಳೊಡನೆ ಹಂಚಿಕೊಳ್ಳುವುದು ಯೋಗ್ಯವೆಂದು ಭಾವಿಸಿದ್ದೇನೆ.

ಹಿಂದಿನವರಿಗೂ ಬರವನ್ನು ಅಳೆಯುವ ಕ್ರಮಗಳಿದ್ದವು. ಆಣೆವಾರಿ ಎಂಬ ಮಾತು ನಮ್ಮ ಹಿರಿಯರಿಗೆಲ್ಲ ಪರಿಚಿತ. ತುಂಬು ಬೆಳೆಯನ್ನು ಹದಿನಾರಾಣೆ ಎಂದು ಹಿಡಿದರೆ ಈ ವರ್ಷದ್ದು ಎಷ್ಟಾಣೆ ಎಂದು ಹೊಲದ ಬದುವಿನ ಮೇಲೆ ನಿಂತು ನಿರ್ಧರಿಸುತ್ತಿದ್ದರು. ೧೮೭೬ರಿಂದ ೧೮೭೮ರವರೆಗಿನ ಭೀಕರ ಕ್ಷಾಮದಲ್ಲಿ ದಕ್ಷಿಣ ಭಾರತದ ಹಳ್ಳಿಗಳು ಬರಿದಾದವು. ವಿಜಯಪುರದ ಸೀಮೆಯೂ ಆ ಸಂಕಟದಿಂದ ಪಾರಾಗಲಿಲ್ಲ. ಆ ಬಳಿಕ ಬ್ರಿಟಿಷ್ ಸರಕಾರವು ೧೮೮೦ರ ಕ್ಷಾಮ ಆಯೋಗದ ವರದಿಯನ್ನು ಅನುಸರಿಸಿ ಕ್ಷಾಮ ಸಂಹಿತೆಗಳನ್ನು ರಚಿಸಿತು. ಧಾನ್ಯದ ಬೆಲೆ ಏರುವುದು, ಸಾಲ ಹುಟ್ಟದಿರುವುದು, ಬಡವರು ಗುಂಪುಗೂಡಿ ಊರೂರು ಅಲೆಯುವುದು ಮುಂತಾದ ಲಕ್ಷಣಗಳನ್ನು ಬರದ ಮುನ್ಸೂಚನೆಗಳೆಂದು ಗಮನಿಸುವ ಪದ್ಧತಿ ಅವುಗಳಿಂದ ಬೆಳೆಯಿತು.

ಮಠಗಳಿಗೆ ಇಂತಹ ಸಂಹಿತೆಯ ಅವಶ್ಯಕತೆ ಇರಲಿಲ್ಲ. ೧೯೭೨ರ ಬರದಲ್ಲಿ ನಾನು ಪ್ರಸಾದನಿಲಯದಲ್ಲಿದ್ದು ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದೆ. ಶಾಲೆ ಆರಂಭವಾಗಿ ನಾಲ್ಕಾರು ತಿಂಗಳು ಕಳೆದ ಮೇಲೆ ಹೊಸ ಹುಡುಗರು ಬರತೊಡಗಿದರು. ತಂದೆತಾಯಿಗಳು ಗೋವೆಗೋ ಮುಂಬಯಿಗೋ ಗುಳೆ ಹೋಗುವ ಮುನ್ನ ಮಕ್ಕಳನ್ನು ಮಠದ ಕಟ್ಟೆಯ ಮೇಲೆ ಕುಳ್ಳಿರಿಸಿ, ಸ್ವಾಮಿಗಳ ಪಾದಕ್ಕೆ ಎರಗಿ ಹೊರಟುಬಿಡುತ್ತಿದ್ದರು. ಪ್ರಸಾದಕ್ಕೆ ಒಂದು ಪಂಕ್ತಿ ಕೂಡುತ್ತಿದ್ದಲ್ಲಿ ಎರಡು ಕೂಡತೊಡಗಿದವು, ಆಮೇಲೆ ಮೂರಾದವು. ಅಡುಗೆಮನೆಯ ಮೇಲ್ವಿಚಾರಣೆ ನೋಡುತ್ತಿದ್ದ ಹಿರಿಯರು ದಿನವೂ ರಾತ್ರಿ ಎಷ್ಟು ತಾಟುಗಳಾದವೆಂದು ಒಂದು ವಹಿಯಲ್ಲಿ ಬರೆದಿಡುತ್ತಿದ್ದರು. ಆ ವಹಿಯನ್ನು ನೋಡಿಯೇ ಪೂಜ್ಯರು ಯಾವ ಊರಿನ ಭಕ್ತರಿಂದ ಎಷ್ಟು ಜೋಳ ತರಿಸಬೇಕೆಂದು ಹೇಳಿಕಳುಹಿಸುತ್ತಿದ್ದರು. ಬರವನ್ನು ಅಳೆಯುವ ಆ ವಿಧಾನದಲ್ಲಿ ಅಳತೆಗೂ ಅನ್ನಕ್ಕೂ ನಡುವೆ ಒಂದು ರಾತ್ರಿಯಷ್ಟೇ ಅಂತರ. ಆದರೆ ಅದಕ್ಕೊಂದು ಮಿತಿಯೂ ಇತ್ತು. ತಾಟುಗಳ ಸಂಖ್ಯೆ ಹೆಚ್ಚುವ ವೇಳೆಗೆ ಬರವು ಮನೆಯನ್ನು ಹೊಕ್ಕು ಆಗಿರುತ್ತಿತ್ತು. ಹೊಲದಲ್ಲಿ ಎಲೆ ಬಾಡುವಾಗಲೇ ಅದನ್ನು ಕಾಣಬಲ್ಲ ಕಣ್ಣು ಮಠಕ್ಕೂ ಇರಲಿಲ್ಲ, ಸರಕಾರಕ್ಕೂ ಇರಲಿಲ್ಲ.

ಅಂತಹ ಕಣ್ಣು ನಮ್ಮ ದೇಶಕ್ಕೆ ದೊರೆತದ್ದು ೧೯೮೦ರ ದಶಕದ ಕೊನೆಯಲ್ಲಿ. ೧೯೮೭ರಲ್ಲಿ ದೇಶದ ಬಹುಭಾಗ ಬರದಿಂದ ತತ್ತರಿಸಿತು. ೧೯೮೮ರ ಮಾರ್ಚ್ ೧೭ರಂದು ಭಾರತದ ಮೊದಲ ಪೂರ್ಣಪ್ರಮಾಣದ ಕಾರ್ಯಾಚರಣೆಯ ದೂರಸಂವೇದಿ ಉಪಗ್ರಹವಾದ ಐ.ಆರ್.ಎಸ್.-೧ಎ ಕಕ್ಷೆಯನ್ನು ಸೇರಿತು. ಅದೇ ವರ್ಷ ಕರ್ನಾಟಕ ಸರಕಾರವು ಬೆಂಗಳೂರಿನಲ್ಲಿ ಬರ ನಿಗಾ ಘಟಕವನ್ನು ಆರಂಭಿಸಿತು. ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಆ ಘಟಕವೇ ಬೆಳೆದು ಪಡೆದ ರೂಪ. ಮರುವರ್ಷ, ಎಂದರೆ ೧೯೮೯ರಲ್ಲಿ, ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯಿಂದ ರಾಷ್ಟ್ರೀಯ ಕೃಷಿ ಬರ ನಿರ್ಧಾರ ಹಾಗೂ ನಿಗಾ ವ್ಯವಸ್ಥೆಯು ಕಾರ್ಯಾರಂಭ ಮಾಡಿತು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ನಾಡಾಮ್ಸ್ ಎಂದು ಕರೆಯುವುದು ರೂಢಿ. ಮೊದಲು ಜಿಲ್ಲೆಗೆ ಒಂದರಂತೆ ಸ್ಥಿತಿಯನ್ನು ಹೇಳುತ್ತಿದ್ದ ಈ ವ್ಯವಸ್ಥೆಯು ಮುಂದೆ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ತಾಲ್ಲೂಕಿನ ಮಟ್ಟಕ್ಕೆ ಇಳಿಯಿತು. ೨೦೧೨ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಮಹಾಲನೋಬಿಸ್ ರಾಷ್ಟ್ರೀಯ ಬೆಳೆ ಮುನ್ಸೂಚನಾ ಕೇಂದ್ರವು ಆ ಬಳಿಕ ಈ ಹೊಣೆಯನ್ನು ವಹಿಸಿಕೊಂಡಿತು.

ಈ ಕಣ್ಣು ನೋಡುವುದು ಹೇಗೆ? ನಮ್ಮ ಪ್ರಸಾದನಿಲಯದಲ್ಲಿಯೇ ಓದಿ ಬೆಳೆದು, ಈಗ ಇದೇ ವಿದ್ಯೆಯಲ್ಲಿ ಉದ್ಯೋಗದಲ್ಲಿರುವ ಒಬ್ಬ ತರುಣನನ್ನು ನಾನು ಈ ಪ್ರಶ್ನೆ ಕೇಳಿದೆ. ಆತನು ಹೇಳಿದ ಮೊದಲ ಮಾತೇ ನನ್ನನ್ನು ಚಿಂತನೆಗೆ ಹಚ್ಚಿತು: "ಗುರುಗಳೇ, ಉಪಗ್ರಹಕ್ಕೆ ಬರ ಕಾಣುವುದಿಲ್ಲ. ಅದಕ್ಕೆ ಬೆಳಕು ಮಾತ್ರ ಕಾಣುತ್ತದೆ. ಆ ಬೆಳಕಿನಿಂದ ಬರವನ್ನು ಊಹಿಸುವವರು ನಾವು."

ಆತನ ವಿವರಣೆಯನ್ನು ನನಗೆ ತಿಳಿದಂತೆ ಇಲ್ಲಿ ಹೇಳುತ್ತೇನೆ. ಹಸುರೆಲೆಯು ತನ್ನ ಆಹಾರವನ್ನು ತಯಾರಿಸಿಕೊಳ್ಳುವುದಕ್ಕಾಗಿ ಬಿಸಿಲಿನಲ್ಲಿರುವ ಕೆಂಪು ಕಿರಣಗಳನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ಅದಕ್ಕೆ ಬೇಕಾಗಿಲ್ಲ. ಅವುಗಳಲ್ಲಿ ಹೆಚ್ಚಿನ ಪಾಲನ್ನು ಹೊರಕ್ಕೆ ಚಿಮ್ಮಿಸುತ್ತದೆ. ಎಲೆ ಬಾಡಿದಾಗ ಈ ಲೆಕ್ಕ ತಿರುವುಮುರುವಾಗುತ್ತದೆ: ಕೆಂಪು ಹೆಚ್ಚು ಹಿಂದಿರುಗುತ್ತದೆ, ಅವಕೆಂಪು ಕಡಿಮೆಯಾಗುತ್ತದೆ. ಉಪಗ್ರಹವು ಈ ಎರಡನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಅವಕೆಂಪಿನಲ್ಲಿ ಕೆಂಪನ್ನು ಕಳೆದು, ಬಂದ ಶೇಷವನ್ನು ಎರಡರ ಮೊತ್ತದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯೇ ಸಸ್ಯ ಸೂಚ್ಯಂಕ. ಉದಾಹರಣೆಗೆ, ಅವಕೆಂಪು ೫೦ ಹಾಗೂ ಕೆಂಪು ೧೦ ಇದ್ದರೆ ಸೂಚ್ಯಂಕ ೦.೬೭; ಅದು ಸೊಂಪಾದ ಪೈರು. ಅವಕೆಂಪು ೩೦ಕ್ಕೆ ಇಳಿದು ಕೆಂಪು ೨೦ಕ್ಕೆ ಏರಿದರೆ ಸೂಚ್ಯಂಕ ೦.೨೦, ಅಲ್ಲಿ ಬಹುತೇಕ ಬರಿ ಮಣ್ಣೇ ಕಾಣುತ್ತಿದೆ ಎಂದರ್ಥ. ನಾಲ್ಕನೆಯ ಇಯತ್ತೆಯ ಹುಡುಗನೂ ಮಾಡಬಲ್ಲ ಕೂಡು-ಕಳೆಯುವಿಕೆಯ ಮೇಲೆ ಇಷ್ಟು ದೊಡ್ಡ ವ್ಯವಸ್ಥೆ ನಿಂತಿರುವುದನ್ನು ಕಂಡು ನನಗೆ ಆಶ್ಚರ್ಯವಾಯಿತು.

ಒಂದು ವರ್ಷದ ಸಂಖ್ಯೆಯೊಂದೇ ಏನನ್ನೂ ಹೇಳದು. ಮಲೆನಾಡಿನ ಹಸುರನ್ನು ವಿಜಯಪುರದ ಎರೆಭೂಮಿಯ ಹಸುರಿನೊಡನೆ ಹೋಲಿಸಿ ನೋಡುವುದು ನ್ಯಾಯವಲ್ಲ. ಆದ್ದರಿಂದ ಅದೇ ನೆಲ, ಅದೇ ಪಕ್ಷ, ಹಿಂದಿನ ಅನೇಕ ವರ್ಷಗಳಲ್ಲಿ ಅತಿ ಹೆಚ್ಚೆಂದರೆ ಎಷ್ಟು ಹಸುರಾಗಿತ್ತು, ಅತಿ ಕಡಿಮೆಯೆಂದರೆ ಎಷ್ಟಿತ್ತು ಎಂಬುದನ್ನು ತೆಗೆದುಕೊಂಡು, ಈ ವರ್ಷ ಆ ಎರಡರ ನಡುವೆ ಎಲ್ಲಿ ನಿಂತಿದೆ ಎಂದು ನೂರಕ್ಕೆ ಇಷ್ಟೆಂದು ಹೇಳುತ್ತಾರೆ. ಹೀಗೆ ಹೇಳುವುದನ್ನು ಕೇಳಿದಾಗ ನನಗೆ ನೆನಪಾದದ್ದು ಆಣೆವಾರಿಯೇ. ಬದುವಿನ ಮೇಲೆ ನಿಂತು ಹದಿನಾರಾಣೆಗೆ ಎಷ್ಟೆಂದು ಹೇಳುತ್ತಿದ್ದ ಅದೇ ನ್ಯಾಯವನ್ನು ಈಗ ಆಕಾಶದಲ್ಲಿ ನಿಂತು ಹೇಳುತ್ತಿದ್ದಾರೆ.

ಇನ್ನು ಕಣ್ಣಿನ ಸೂಕ್ಷ್ಮತೆಯ ಮಾತು. ಆರಂಭದ ದಿನಗಳಲ್ಲಿ ಬಳಸುತ್ತಿದ್ದ ಅಮೆರಿಕದ ನೋವಾ ಉಪಗ್ರಹಗಳ ಚಿತ್ರದಲ್ಲಿ ಒಂದು ಚುಕ್ಕೆಯ ಅಗಲ ೧.೧ ಕಿಲೋಮೀಟರು, ಎಂದರೆ ಸುಮಾರು ೩೦೦ ಎಕರೆ ಭೂಮಿಗೆಲ್ಲ ಒಂದೇ ಸಂಖ್ಯೆ. ೧೯೯೫ರಲ್ಲಿ ಹಾರಿದ ನಮ್ಮ ಐ.ಆರ್.ಎಸ್.-೧ಸಿ ಉಪಗ್ರಹದ ಒಂದು ಉಪಕರಣದಲ್ಲಿ ಚುಕ್ಕೆಯ ಅಗಲ ೧೮೮ ಮೀಟರಿಗೆ ಇಳಿಯಿತು. ಅದು ಸುಮಾರು ಒಂಬತ್ತು ಎಕರೆ. ೨೦೦೩ರ ರಿಸೋರ್ಸ್‌ಸ್ಯಾಟ್-೧ರಲ್ಲಿ ೫೬ ಮೀಟರಾಯಿತು. ಅದು ೩೧ ಗುಂಟೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯವರು ೨೦೧೫ರಿಂದ ಹಾರಿಸಿದ ಸೆಂಟಿನೆಲ್-೨ ಉಪಗ್ರಹಗಳಲ್ಲಿ ಚುಕ್ಕೆಯ ಅಗಲ ಹತ್ತೇ ಮೀಟರು. ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲವೆಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ ಒಂದು ಗುಂಟೆ! ಮುನ್ನೂರು ಎಕರೆಯನ್ನು ಒಟ್ಟಾಗಿ ಕಾಣುತ್ತಿದ್ದ ಕಣ್ಣು ಒಂದು ಗುಂಟೆಯನ್ನು ಬೇರೆಯಾಗಿ ಕಾಣುವಷ್ಟು ಚುರುಕಾಗಿದೆ.

ಇಷ್ಟೆಲ್ಲ ಇದ್ದರೂ ಈ ಸಾಕ್ಷಿಗೆ ತನ್ನವೇ ಆದ ದೋಷಗಳಿವೆ. ಮೊದಲನೆಯದು ಮೋಡ. ಮುಂಗಾರಿನಲ್ಲಿ ಪೈರನ್ನು ನೋಡಬೇಕಾದ ದಿನಗಳಲ್ಲಿಯೇ ಆಕಾಶವು ಮುಚ್ಚಿರುತ್ತದೆ. ಮಳೆಗರೆಯದೆ ತೇಲಿಹೋಗುವ ಮೋಡಗಳು ರೈತನಿಗೆ ನೀರನ್ನೂ ಕೊಡುವುದಿಲ್ಲ, ಅವನ ಹೊಲವನ್ನು ಉಪಗ್ರಹಕ್ಕೆ ತೋರಿಸುವುದೂ ಇಲ್ಲ. ಈ ಕಾರಣದಿಂದ ಹಲವು ದಿನಗಳ ಚಿತ್ರಗಳನ್ನು ಕೂಡಿಸಿ ಮೋಡವಿಲ್ಲದ ತುಣುಕುಗಳನ್ನು ಆಯ್ದುಕೊಳ್ಳುತ್ತಾರೆ. ೨೦೨೨ರಲ್ಲಿ ಹಾರಿಸಿದ ನಮ್ಮ ಇ.ಒ.ಎಸ್.-೦೪ರಂತಹ ರಾಡಾರ್ ಉಪಗ್ರಹಗಳು ಮೋಡವನ್ನು ಭೇದಿಸಿ ನೋಡಬಲ್ಲವು. ಆದರೆ ಅವು ಎಲೆಯ ಬಣ್ಣವನ್ನು ಹೇಳುವುದಿಲ್ಲ, ನೆಲದ ತೇವವನ್ನೂ ಪೈರಿನ ಆಕಾರವನ್ನೂ ಬೇರೊಂದು ಬಗೆಯಲ್ಲಿ ಹೇಳುತ್ತವೆ. ಎರಡನೆಯ ದೋಷ, ಹಸುರೆಲ್ಲವೂ ಬೆಳೆಯಲ್ಲ. ಹೊಲದ ಕಳೆಯೂ ಹಸುರು, ಹಳ್ಳದ ದಂಡೆಯ ಬಳ್ಳಾರಿ ಜಾಲಿಯೂ ಹಸುರು. ತೊಗರಿ ಒಣಗಿದಲ್ಲಿಯೂ ಜಾಲಿ ಒಣಗುವುದಿಲ್ಲ. ಮೂರನೆಯದು, ಎಲೆಯು ತಡವಾಗಿ ಮಾತನಾಡುವ ಸಾಕ್ಷಿ. ಮೊದಲು ಮಳೆ ನಿಲ್ಲುತ್ತದೆ, ಆಮೇಲೆ ಮಣ್ಣಿನ ಹಸಿ ಆರುತ್ತದೆ, ಆ ಬಳಿಕ ಎಲೆ ಬಾಡುತ್ತದೆ. ಅಷ್ಟರಲ್ಲಿ ವಾರಗಳು ಕಳೆದಿರುತ್ತವೆ.

ಆದ್ದರಿಂದಲೇ ಕೇಂದ್ರ ಸರಕಾರವು ೨೦೧೬ರಲ್ಲಿ ಪರಿಷ್ಕರಿಸಿದ ಬರ ನಿರ್ವಹಣೆಯ ಕೈಪಿಡಿಯು ಉಪಗ್ರಹದ ಮಾತೊಂದನ್ನೇ ನಂಬುವುದಿಲ್ಲ. ಮೊದಲು ಮಳೆಯ ಕೊರತೆಯನ್ನು ನೋಡಬೇಕು; ಅನಂತರ ಬಿತ್ತನೆಯ ಪ್ರದೇಶ, ಉಪಗ್ರಹ ಹೇಳುವ ಬೆಳೆಯ ಸ್ಥಿತಿ, ಮಣ್ಣಿನ ತೇವ, ಜಲಾಶಯ ಹಾಗೂ ಅಂತರ್ಜಲದ ಮಟ್ಟ ಇವುಗಳನ್ನು ಕೂಡಿಸಿ ನೋಡಬೇಕು. ಕೊನೆಗೆ ಬರಪೀಡಿತವೆಂದು ಕಂಡ ಪ್ರದೇಶದ ಹಳ್ಳಿಗಳಲ್ಲಿ ನೂರಕ್ಕೆ ಹತ್ತನ್ನು ಗೊತ್ತುಗುರಿಯಿಲ್ಲದೆ ಆರಿಸಿ, ಅಲ್ಲಿನ ಹೊಲಗಳಿಗೆ ಕಾಲ್ನಡಿಗೆಯಲ್ಲಿ ಹೋಗಿ ಕಣ್ಣಾರೆ ಪರೀಕ್ಷಿಸಬೇಕು. ಈ ಕೊನೆಯ ಕ್ರಮಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರನ್ನು ಕನ್ನಡಿಸಿದರೆ ನೆಲದ ಸತ್ಯ ಎಂದಾಗುತ್ತದೆ. ನನಗೆ ಈ ಹೆಸರು ಬಹಳ ಹಿಡಿಸಿತು. ಆಕಾಶದಿಂದ ಬಂದ ಮಾತು ನೆಲದಲ್ಲಿ ಹೆಜ್ಜೆಯೂರಿದ ಬಳಿಕವೇ ಸತ್ಯವೆನಿಸಿಕೊಳ್ಳುವುದೆಂದು ಆ ಶಾಸ್ತ್ರವೇ ಒಪ್ಪಿಕೊಂಡಿದೆ.

ಈಗ ನಮ್ಮ ಮನೆತನದ ಪ್ರಸಂಗಕ್ಕೆ ಬರುತ್ತೇನೆ. ನನ್ನ ಹಿರಿಯಕ್ಕ ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದಾಳೆ. ಯಜಮಾನರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಆಕೆಯ ಹೆಸರಿನಲ್ಲಿ ನಾಲ್ಕು ಎಕರೆ ಮಡ್ಡಿ ಭೂಮಿ ಇದೆ. ಕಾಲುವೆಯ ನೀರು ಊರಿನ ಕೆಳಭಾಗಕ್ಕೆ ಮುಟ್ಟಿದೆ. ಅಲ್ಲಿ ಕಬ್ಬು, ಗೋವಿನಜೋಳ ಬೆಳೆಯುತ್ತಾರೆ. ಮೇಲಿನ ಮಡ್ಡಿಗೆ ಆಕಾಶವೇ ಕಾಲುವೆ. ೨೦೨೩ರಲ್ಲಿ ಜೂನ್ ತಿಂಗಳು ಬರಿದಾಗಿ ಹೋಯಿತು. ಜುಲೈ ಕೊನೆಗೆ ಬಂದ ಮಳೆಯನ್ನು ನಂಬಿ ಅಕ್ಕ ತೊಗರಿ ಬಿತ್ತಿಸಿದಳು. ಆ ವರ್ಷದ ಆಗಸ್ಟ್ ತಿಂಗಳು, ದೇಶದಲ್ಲಿ ೧೯೦೧ರಿಂದ ಮಳೆಯ ಲೆಕ್ಕ ಇಟ್ಟಂದಿನಿಂದ ಕಂಡರಿಯದಷ್ಟು ಒಣ ಆಗಸ್ಟ್ ಆಗಿ ದಾಖಲಾಯಿತು. ಗೇಣುದ್ದ ಬಂದಿದ್ದ ತೊಗರಿ ಅಲ್ಲಿಯೇ ನಿಂತಿತು. ಹೂ ಬಿಡುವ ಮೊದಲೇ ಎಲೆ ಉದುರಿಸಿತು. ದೀಪಾವಳಿಯ ಹೊತ್ತಿಗೆ ಮೇವಿಗೆ ತತ್ವಾರವಾಗಲು, ಅಕ್ಕ ಅಳಿದುಳಿದ ಗಿಡಗಳನ್ನು ಕೊಯಿಸಿ ಎತ್ತುಗಳ ಮುಂದೆ ಹಾಕಿದಳು.

ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಆ ವರ್ಷ ಬರಪೀಡಿತವೆಂದು ಸರಕಾರವು ಘೋಷಿಸಿತು. ಅಕ್ಕನ ತಾಲ್ಲೂಕೂ ಅದರಲ್ಲಿತ್ತು. ಮಳೆಯಾಶ್ರಿತ ಬೆಳೆ ನೂರಕ್ಕೆ ೩೩ ಅಥವಾ ಅದಕ್ಕಿಂತ ಹೆಚ್ಚು ಹಾಳಾದವರಿಗೆ ಹೆಕ್ಟೇರಿಗೆ ೮,೫೦೦ ರೂಪಾಯಿಯಂತೆ, ಎರಡು ಹೆಕ್ಟೇರಿಗೆ ಮೀರದಂತೆ ಪರಿಹಾರ ಕೊಡುವುದು ಆಗಿನ ನಿಯಮವಾಗಿತ್ತು. ೨೦೨೪ರ ಜನವರಿಯಲ್ಲಿ ಮೊದಲ ಕಂತಾಗಿ ೨,೦೦೦ ರೂಪಾಯಿಯವರೆಗಿನ ಹಣ ಊರಿನ ಅನೇಕರ ಖಾತೆಗೆ ಬಂದಿತು. ಅಕ್ಕನಿಗೆ ಬರಲಿಲ್ಲ. ಆಕೆಯ ಮಗ ಹೋಗಿ ವಿಚಾರಿಸಲು, ಬೆಳೆ ಸಮೀಕ್ಷೆಯ ದಾಖಲೆಯಲ್ಲಿ ಆ ಸರ್ವೆ ನಂಬರಿನ ಮುಂದೆ ಕಬ್ಬು, ನೀರಾವರಿ ಎಂದು ನಮೂದಾಗಿರುವುದು ತಿಳಿಯಿತು. ಸಮೀಕ್ಷೆಗೆ ನಿಯೋಜಿತನಾದ ಹುಡುಗ ಮಡ್ಡಿಯನ್ನು ಹತ್ತದೆ, ಕೆಳಗಿನ ಹೊಲದಲ್ಲಿಯೇ ನಿಂತು ಚಿತ್ರ ತೆಗೆದಿದ್ದನು. ಆಕ್ಷೇಪಣೆ ಸಲ್ಲಿಸಿದ ಮೇಲೆ ಪರಿಶೀಲನೆಗೆ ಜನ ಬಂದರು. ಆದರೆ ಅಷ್ಟರಲ್ಲಿ ಹೊಲ ಬರಿದಾಗಿತ್ತು. ಬೆಳೆ ಇತ್ತೆಂಬುದಕ್ಕೂ ಆಧಾರವಿಲ್ಲ, ಒಣಗಿತೆಂಬುದಕ್ಕೂ ಆಧಾರವಿಲ್ಲ ಎಂದರು. ಆ ಮಾತಿಗೆ ಅಕ್ಕ ನನ್ನ ಮುಂದೆ ಆಡಿದ ಉತ್ತರ ಇನ್ನೂ ನನ್ನ ಕಿವಿಯಲ್ಲಿದೆ: "ಎತ್ತಿನ ಬಾಯಿಗೆ ಹಾಕಲಾರದ, ಬಂದವರಿಗೆ ತೋರಸಾಕಂತ ಇಟಗೊಂಡು ಕುಂದರಬೇಕಾಗಿತ್ತೇನೋ ತಮ್ಮಾ?"

ಅದೇ ಸಂಕ್ರಮಣದಲ್ಲಿ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ಆ ಎತ್ತುಗಳು ಹೋಗಿ ಆಗಿದ್ದವು. ಬೀಜ ಗೊಬ್ಬರದ ಸಾಲ ತೀರಿಸುವುದಕ್ಕೆ ಬೇರೆ ದಾರಿ ಇರಲಿಲ್ಲ. ಬರದ ವರ್ಷ ಮಾರುವವರೇ ಹೆಚ್ಚಾಗಿ ಕೊಳ್ಳುವವರು ಕಡಿಮೆಯಿರುವುದರಿಂದ ಬೆಲೆಯೂ ಕೈಗೂಡಲಿಲ್ಲ.

ಆ ಶಿವರಾತ್ರಿಗೆ ಮೇಲೆ ಹೇಳಿದ ತರುಣನು ಮಠಕ್ಕೆ ಬಂದಿದ್ದನು. ಜಾಗರಣೆಯ ರಾತ್ರಿ ಮಾತಿಗೆ ಮಾತು ಬಂದು ಈ ಸಂಗತಿಯನ್ನು ಹೇಳಿದೆ. ಆತನು ಅಕ್ಕನ ಹೊಲದ ಗುರುತು ಕೇಳಿಕೊಂಡು, ತನ್ನ ಗಣಕಯಂತ್ರದಲ್ಲಿ ಸೆಂಟಿನೆಲ್ ಉಪಗ್ರಹವು ಆ ವರ್ಷ ತೆಗೆದಿದ್ದ ಚಿತ್ರಗಳನ್ನು ಒಂದೊಂದಾಗಿ ತೆರೆದನು. ಆ ಚಿತ್ರಗಳು ಯಾರು ಬೇಕಾದರೂ ನೋಡುವಂತೆ ಸಂಗ್ರಹದಲ್ಲಿ ಉಳಿದಿರುತ್ತವೆಯಂತೆ. ಅವುಗಳಲ್ಲಿ ಹಸುರು ಪೈರನ್ನು ಕೆಂಪು ಬಣ್ಣದಿಂದ ತೋರಿಸುವುದು ವಾಡಿಕೆ. ಕೆಳಗಿನ ಕಬ್ಬಿನ ಹೊಲಗಳು ಜುಲೈಯಿಂದ ಫೆಬ್ರುವರಿಯವರೆಗೂ ಕುಂಕುಮ ಹಚ್ಚಿದಂತೆ ಕೆಂಪಗಿದ್ದವು. ಅವುಗಳ ಮೇಲುಗಡೆ ಅಕ್ಕನ ನಾಲ್ಕು ಎಕರೆ, ಎಂದರೆ ನೂರ ಅರವತ್ತು ಚುಕ್ಕೆಗಳು, ಆಗಸ್ಟ್ ಆರಂಭದಲ್ಲಿ ಸ್ವಲ್ಪ ನಸುಗೆಂಪಾಗಿ, ಸೆಪ್ಟೆಂಬರಿನಲ್ಲಿ ಮಾಸಿ, ನವೆಂಬರಿನಲ್ಲಿ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಕಬ್ಬು ಇದ್ದ ನೆಲವು ಹೀಗೆ ಕಾಣುವುದು ಸಾಧ್ಯವೇ ಇಲ್ಲವೆಂದು ಆತನು ಹೇಳಿದನು. ಊರಿನವರು ಮರೆತಿದ್ದನ್ನು, ಎತ್ತುಗಳು ತಿಂದು ಮುಗಿಸಿದ್ದನ್ನು, ದಾಖಲೆಯು ತಪ್ಪಾಗಿ ಬರೆದದ್ದನ್ನು ಆಕಾಶವು ನೆನಪಿಟ್ಟುಕೊಂಡಿತ್ತು.

ಆ ಚಿತ್ರಗಳನ್ನು ಮುದ್ರಿಸಿ ಅಕ್ಕನ ಮಗ ಅರ್ಜಿಯೊಡನೆ ಒಯ್ದನು. ಸಂಬಂಧಪಟ್ಟವರು ಸಹಾನುಭೂತಿಯಿಂದಲೇ ನೋಡಿದರಂತೆ. ಆದರೆ ಇಂತಹ ಆಧಾರವನ್ನು ಸ್ವೀಕರಿಸುವುದಕ್ಕೆ ತಮ್ಮ ನಮೂನೆಯಲ್ಲಿ ಅವಕಾಶವಿಲ್ಲವೆಂದು ಹಿಂದಿರುಗಿಸಿದರಂತೆ. ಲೆಕ್ಕದಂತೆ ಆಕೆಗೆ ಸಲ್ಲಬೇಕಾಗಿದ್ದದ್ದು ಸುಮಾರು ೧೩,೭೫೦ ರೂಪಾಯಿ. ಆ ಹಣ ಇಂದಿಗೂ ಬಂದಿಲ್ಲ. ಅದರಿಂದ ಹೋದ ಎತ್ತುಗಳು ಮರಳುತ್ತಿರಲಿಲ್ಲ, ನಿಜ. ಆದರೆ ತಾನು ಬಿತ್ತಿದ್ದೆನೆಂಬ ಮಾತನ್ನು ಯಾರೂ ನಂಬಲಿಲ್ಲವೆಂಬ ನೋವು ಹಣದ ನೋವಿಗಿಂತ ಆಕೆಯನ್ನು ಹೆಚ್ಚು ಬಾಧಿಸಿತು.

ಈ ಪ್ರಸಂಗವನ್ನು ನಾನು ಹಲವು ಸಲ ಮನನ ಮಾಡಿದ್ದೇನೆ. ನೆಲದಲ್ಲಿ ನಡೆದಾಡುವ ಮನುಷ್ಯನಿಗೆ ಕರುಣೆಯಿದೆ, ಆದರೆ ಅವನು ಎಲ್ಲ ಹೊಲಗಳಿಗೆ ಹೋಗಲಾರ. ಹೋದರೂ ಕಾಲ ಮೀರಿ ಹೋಗಬಹುದು. ಉಪಗ್ರಹವು ಎಲ್ಲ ಹೊಲಗಳ ಮೇಲೂ ಹಾದುಹೋಗುತ್ತದೆ, ಉಳ್ಳವನ ತೋಟ, ವಿಧವೆಯ ಮಡ್ಡಿ ಎಂಬ ಭೇದ ಅದಕ್ಕಿಲ್ಲ. ಆದರೆ ಒಣಗಿದ ತೊಗರಿಯ ಹಿಂದೆ ಒಂದು ಒಲೆಯಿದೆ ಎಂಬುದು ಅದಕ್ಕೆ ತಿಳಿಯದು. ಒಂದು ಸಾಕ್ಷಿಗೆ ಹೃದಯವಿದ್ದು ನೆನಪು ಕಡಿಮೆ. ಇನ್ನೊಂದಕ್ಕೆ ನೆನಪಿದ್ದು ಹೃದಯವಿಲ್ಲ. ಎರಡೂ ಒಂದೇ ಕಟ್ಟೆಯ ಮೇಲೆ ಕುಳಿತು ಒಬ್ಬರ ಮಾತನ್ನು ಒಬ್ಬರು ಕೇಳಿದಾಗ ಮಾತ್ರ ಬರದ ತೀರ್ಮಾನವು ನ್ಯಾಯವಾಗುತ್ತದೆ. ಕೇವಲ ನಕಾಶೆಯನ್ನು ನೋಡಿ ತಾಲ್ಲೂಕು ಹಸುರಾಗಿದೆ ಎನ್ನುವವರೂ, ಕೇವಲ ಕಾಗದವನ್ನು ನೋಡಿ ಇಲ್ಲಿ ಕಬ್ಬಿತ್ತು ಎನ್ನುವವರೂ ಸಮಾನವಾಗಿ ಅರ್ಧ ಸತ್ಯವನ್ನೇ ಹಿಡಿದಿರುತ್ತಾರೆ.

ಶರಣಧರ್ಮವು ಅರಿವು ಮತ್ತು ಆಚಾರಗಳನ್ನು ಬೇರ್ಪಡಿಸಲಿಲ್ಲ. ತಿಳಿದದ್ದು ನಡೆಯಾಗದಿದ್ದರೆ ಆ ತಿಳಿವು ಬಂಜೆಯೆಂಬುದು ಅದರ ಸಾರ. ಉಪಗ್ರಹವು ಕೊಡುವುದು ಅರಿವು. ಬಿತ್ತಿದವನಿಗೆ ಸಲ್ಲಬೇಕಾದುದನ್ನು ಸಕಾಲದಲ್ಲಿ ಸಲ್ಲಿಸುವುದು ಆಚಾರ. ಇವೆರಡರ ನಡುವಣ ಹಾದಿಯು ೧೯೭೨ರಲ್ಲಿ ನಮ್ಮ ಅಡುಗೆಮನೆಯ ವಹಿಯಿಂದ ಜೋಳದ ಕಣಜದವರೆಗೆ ಇದ್ದಷ್ಟೇ ಚಿಕ್ಕದಾಗಿರಬೇಕು. ಇಂದು ಅರಿವು ಐದು ದಿನಕ್ಕೊಮ್ಮೆ ಆಕಾಶದಿಂದ ಇಳಿದು ಬರುತ್ತಿದ್ದರೂ ಆಚಾರಕ್ಕೆ ತಿಂಗಳುಗಳು ಹಿಡಿಯುತ್ತಿವೆ.

ಇದನ್ನು ಸರಕಾರದ ಹೊಣೆಯೆಂದು ಹೇಳಿ ಸುಮ್ಮನಾಗುವಂತಿಲ್ಲ. ನಮ್ಮ ಮನೆಗಳು ಮಾಡಬಹುದಾದ ಕಾರ್ಯವೂ ಇದೆ. ೨೦೨೦ರಿಂದ ಕರ್ನಾಟಕದಲ್ಲಿ ರೈತರು ತಾವೇ ತಮ್ಮ ಮೊಬೈಲಿನಿಂದ ಬೆಳೆಯ ಚಿತ್ರವನ್ನು ತೆಗೆದು ಸಮೀಕ್ಷೆಗೆ ಸೇರಿಸುವ ಅವಕಾಶ ಒದಗಿದೆ. ನಮೂದಾದುದು ಸರಿಯಿದೆಯೇ ಎಂದು ಬೆಳೆ ದರ್ಶಕ ಎಂಬ ವ್ಯವಸ್ಥೆಯಲ್ಲಿ ನೋಡಬಹುದು. ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಬಹುದು. ಪರಿಹಾರವು ಫ್ರೂಟ್ಸ್ ಎಂಬ ನೋಂದಣಿಯ ಮೂಲಕ ಖಾತೆಗೆ ಜಮೆಯಾಗುವುದರಿಂದ, ಮನೆಯ ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿವೆಯೇ ಎಂದು ಪರೀಕ್ಷಿಸಿಕೊಳ್ಳುವುದು ಅವಶ್ಯ. ಬೆಳೆ ಒಣಗಿದಾಗ ಅದನ್ನು ದನಗಳಿಗೆ ಹಾಕುವ ಮುನ್ನ ಹೊಲದಲ್ಲಿ ನಿಂತು, ದಿನಾಂಕ ಕಾಣುವಂತೆ ಒಂದು ಚಿತ್ರ ತೆಗೆದಿಡುವುದು ಅರ್ಧ ಗಳಿಗೆಯ ಕೆಲಸ. ಮುದುಕರಿಗೂ ಒಂಟಿ ಹೆಣ್ಣುಮಕ್ಕಳಿಗೂ ಇವೆಲ್ಲ ಸುಲಭವಲ್ಲ. ಕಾಲೇಜು ಓದುವ ಮಕ್ಕಳು ತಮ್ಮ ಮನೆಯ ಹೊಲದ ಕೆಲಸ ಮುಗಿದ ಮೇಲೆ, ಓಣಿಯಲ್ಲಿ ಇಂತಹವರು ಯಾರಿದ್ದಾರೆಂದು ನೋಡಿ ಅವರ ಹೊಲಕ್ಕೂ ಒಂದು ಸಲ ಹೋಗಿಬರಲಿ. ಇದೂ ಒಂದು ದಾಸೋಹವೇ. ಅನ್ನ ನೀಡುವ ದಾಸೋಹದಂತೆ ಸಾಕ್ಷಿ ನೀಡುವ ದಾಸೋಹವೂ ಇರಲಿ.

ಇಲ್ಲಿ ಮತ್ತೊಂದು ಮಾತನ್ನು ಹೇಳದೆ ಬಿಡಲಾಗದು. ಸಾಕ್ಷಿಯೆಂಬುದು ಎರಡೂ ಕಡೆಗೆ ಸತ್ಯವಾಗಿರಬೇಕು. ನೀರಾವರಿಯ ಕಬ್ಬನ್ನು ಒಣಗಿದ ತೊಗರಿಯೆಂದು ಬ‌ರೆಸಿ ಹಣ ಪಡೆಯುವವರೂ ಇದ್ದಾರೆ. ಅಂತಹ ಒಂದೊಂದು ಸುಳ್ಳೂ ನಿಜವಾಗಿ ನೊಂದವರ ಮಾತಿನ ಬೆಲೆಯನ್ನು ತಗ್ಗಿಸುತ್ತದೆ. ಆಯ್ದಕ್ಕಿ ಮಾರಯ್ಯನವರು ದಿನದ ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಒಲೆಗೆ ಏರಿಸದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅಳತೆ ಮೀರಿ ಪಡೆದುದು ಪ್ರಸಾದವಾಗುವುದಿಲ್ಲ. ಅಳತೆಗೆ ತಕ್ಕುದು ಸಿಗದವರನ್ನು ಕಂಡೂ ಕಾಣದಂತಿರುವುದು ದಾಸೋಹವೂ ಆಗುವುದಿಲ್ಲ.

೨೦೨೪ರ ಮುಂಗಾರಿನಲ್ಲಿ ಅಕ್ಕನ ಮೊಮ್ಮಗಳು ತಾನೇ ಮಡ್ಡಿಯನ್ನು ಹತ್ತಿ ಅಜ್ಜಿಯ ಹೊಲದ ಚಿತ್ರ ತೆಗೆದಳು. ದಾಖಲೆಯಲ್ಲಿ ಈಗ ತೊಗರಿ, ಮಳೆಯಾಶ್ರಿತ ಎಂದು ಬಂದಿದೆ. ಆ ಹುಡುಗಿ ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಮಡ್ಡಿಯಲ್ಲಿ ಹೊಲವಿರುವ ಇನ್ನೂ ಏಳು ಮನೆಗಳ ಬೆಳೆಯನ್ನು, ಆಯಾ ಮನೆಯ ಹಿರಿಯರನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಅವರ ಎದುರಿನಲ್ಲಿಯೇ ಬರೆಸಿದಳು. ಆ ಏಳರಲ್ಲಿ ಎರಡರ ದಾಖಲೆ ಹಿಂದಿನ ವರ್ಷ ಅಕ್ಕನದರಂತೆಯೇ ಕಬ್ಬೆಂದು ಇತ್ತು. ಅವರಿಬ್ಬರೂ ಅದುವರೆಗೆ ಯಾರನ್ನೂ ಕೇಳಿರಲಿಲ್ಲ. ಪರಿಹಾರವು ತಮ್ಮ ಹಣೆಯಲ್ಲಿ ಬರೆದಿಲ್ಲವೆಂದು ಸುಮ್ಮನಿದ್ದರು.

ಹಣೆಯ ಬರಹವಲ್ಲ, ವಹಿಯ ಬರಹ ತಪ್ಪಿತ್ತೆಂಬುದು ಅವರಿಗೆ ತಿಳಿಯಲು ಒಂದು ಹುಡುಗಿ ಮಡ್ಡಿ ಹತ್ತಬೇಕಾಯಿತು. ನಿಮ್ಮ ಊರಿನ ಮಡ್ಡಿಯಲ್ಲಿಯೂ ಅಂತಹ ಹೊಲಗಳಿರಬಹುದು. ಮುಂದಿನ ಬಿತ್ತನೆಯಾಗಿ ಪೈರು ಎದ್ದ ಮೇಲೆ ಒಮ್ಮೆ ಹೋಗಿ ನೋಡಿರಿ.